ಗಾಳಿ ಸಿಲಿಂಡರಿನ ವಾಷರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಬೂನು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಹೆಂಗಸೊಬ್ಬರು ಸವೆದ ರಬ್ಬರ್ ಬಳೆಯೊಂದರ ಅಂಚನ್ನು ಬೆರಳಲ್ಲಿ ಸವರುತ್ತಿದ್ದಾರೆ. "ನೋಡಿ, ಇಲ್ಲಿಂದಾನೇ ಗಾಳಿ ಕದ್ದು ಓಡ್ತಿರೋದು," ಎಂದು ಅದನ್ನು ಕಿತ್ತೆಸೆದು ಹೊಸದನ್ನು ಕೂರಿಸುತ್ತಾರೆ.

ಸಾಬೂನನ್ನು ಪೆಟ್ಟಿಗೆಗೆ ತಳ್ಳುವ ಯಂತ್ರಗಳಿಗೆ ಇಷ್ಟು ಕಾಲ ಕೈ ಎಂದರೆ ಗಾಳಿ ಸಿಲಿಂಡರುಗಳೇ. ಕಂಪ್ರೆಸರಿನಿಂದ ನುಗ್ಗುವ ಗಾಳಿ ಒಳಗಿನ ಸರಳನ್ನು ಹಿಂದೆ ಮುಂದೆ ಓಡಿಸುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಿಲಿಂಡರು ಬಿಚ್ಚಿ, ಒರೆಸಿ, ವಾಷರು ಬದಲಿಸುವ ಇವರು ಇಡೀ ಕಾರ್ಖಾನೆಗೆ ವಾಷರಕ್ಕ. ಮ್ಯಾನೇಜರೂ ಹಾಗೇ ಕರೆಯುವುದು. ಗಂಡ ಕರೆದರೆ ಮಾತ್ರ ಜಗಳ.

ಆ ಗಂಡ ಬೆನ್ನು ಹಿಡಿದುಕೊಂಡು ಹಾಸಿಗೆ ಸೇರಿದ ಮೇಲೆ ಸಂಸಾರದ ನೊಗ ಇವರ ಹೆಗಲಿಗೆ ಬಂತು. ಅತ್ತಿಗೆ-ನಾದಿನಿ ಎಂದರೆ ಎಣ್ಣೆ-ಸೀಗೆಕಾಯಿ ಎನ್ನುತ್ತಾರೆ. ಇಲ್ಲಿ ಆ ಮಾತು ಸುಳ್ಳು. ಹೊಲಿಗೆ ಅಂಗಡಿಯಲ್ಲಿದ್ದ ನಾದಿನಿಯನ್ನು ಇವರೇ ತಮ್ಮ ಬೆಂಚಿಗೆ ಕರೆತಂದರು. "'ಕಾರ್ಖಾನೆ ಇರೋವರೆಗೂ ಗಾಳಿ ಇರತ್ತೆ ಕಣೇ, ಬಾ' ಅಂದಿದ್ದೆ," ಎನ್ನುತ್ತಾರೆ.

ಈಗ ಗಾಳಿಯೇ ಹೊರಟು ನಿಂತಿದೆ. ಒಂದೊಂದೇ ಸಾಲಿಗೆ, ಮೋಟರಿನಿಂದ ಸ್ಕ್ರೂ ತಿರುಗಿಸಿ ಸರಳು ತಳ್ಳುವ ಕರೆಂಟಿನ ಆಕ್ಚುಯೇಟರುಗಳು ಬರುತ್ತಿವೆ. ಸದ್ದು ಕಡಿಮೆ, ಸೋರುವ ಮಾತಿಲ್ಲ, ಹೇಳಿದ ಜಾಗದಲ್ಲೇ ನಿಲ್ಲುತ್ತವೆ. ಬೈಯೋಣವೆಂದರೆ ಪೇಪರಿಗೆ ಬರೆಯಲು ಬಂದ ನನಗೂ ಕಾರಣ ಸಿಗಲಿಲ್ಲ. ಅವನ್ನು ನೋಡಿಕೊಳ್ಳುವ ತರಬೇತಿಗೆ ಈ ಬೆಂಚಿನಿಂದ ನಾದಿನಿ ಆಯ್ಕೆಯಾಗಿದ್ದಳು.

ಅಷ್ಟರಲ್ಲಿ ಹೊಸ ಆಕ್ಚುಯೇಟರೊಂದು ಕಿರುಗುಟ್ಟಿತು. ವಾಷರಕ್ಕನ ಕೈ ಸುಮ್ಮನಿರಬೇಕಲ್ಲ! ಬಿಚ್ಚಬಾರದೆಂದು ಅದರ ಮೈಮೇಲೆ ಚೀಟಿ ಅಂಟಿಸಿದ್ದರೂ ಬಿಚ್ಚಿದರು. ಒಳಗಿನ ಗ್ರೀಸು ಒರೆಸಿ, ಗಾಳಿ ಸಿಲಿಂಡರಿನ ಗ್ರೀಸು ಹಚ್ಚಿ ಮುಚ್ಚಿದರು. ಆ ಗ್ರೀಸು ಸ್ಕ್ರೂವಿಗೆ ಒಗ್ಗದೆ ಎರಡೇ ದಿನಕ್ಕೆ ಅದು ಕಚ್ಚಿಕೊಂಡು ನಿಂತಿತು. ಯಾರು ಬಿಚ್ಚಿದ್ದೆಂದು ಮ್ಯಾನೇಜರು ಗುಡುಗಿದಾಗ, ಅತ್ತಿಗೆಯ ಸಂಬಳ ನಿಂತರೆ ಅಣ್ಣನ ಗತಿಯೇನು ಎಂದು ಹೆದರಿದ ನಾದಿನಿ "ನಾನೇ ಸಾರ್" ಎಂದುಬಿಟ್ಟಳು. ಬೈಗುಳದಲ್ಲೇ ಮುಗಿಯುತ್ತದೆಂದು ಅವಳ ಲೆಕ್ಕ. ತರಬೇತಿಯಿಂದಲೇ ಅವಳನ್ನು ಕೈಬಿಟ್ಟರು.

"ಆ ಹೊತ್ತಲ್ಲಿ ನನ್ನ ಬಾಯಿಗೆ ಬೀಗ ಬಿದ್ದಂಗಾಯ್ತು. ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಹೇಳಿದ್ರೆ ಆಗ್ತಿತ್ತು," ಎನ್ನುತ್ತಾರೆ ವಾಷರಕ್ಕ. ಮರುದಿನ ಹೋಗಿ ತಪ್ಪೊಪ್ಪಿಕೊಂಡರೆ ಮ್ಯಾನೇಜರು ನಕ್ಕರಂತೆ. "ಇಷ್ಟು ವರ್ಷದ ವಾಷರಕ್ಕ ಇಂಥ ತಪ್ಪು ಮಾಡ್ತಾಳಾ? ನಾದಿನೀನ ಉಳಿಸೋಕೆ ಬಂದಿದ್ದೀಯ, ಹೋಗಮ್ಮ." ಒಳ್ಳೆಯ ಹೆಸರೇ ಹೀಗೆ ಕೊರಳಿಗೆ ಉರುಳಾಗುವುದನ್ನು ನಾನು ಮೊದಲ ಸಲ ಕಾಣುತ್ತಿದ್ದೇನೆ.

ಗಾಳಿಯ ಸಾಲುಗಳೆಲ್ಲ ಬದಲಾದರೆ ಈ ಬೆಂಚೂ ಎತ್ತಂಗಡಿ. ಆಮೇಲೆ ತರಬೇತಿ ಇದ್ದವರಿಗಷ್ಟೇ ಕೆಲಸ. ಮುಂದಿನ ತಂಡ ಸದ್ಯದಲ್ಲೇ ಹೊರಡಲಿದೆ. ಅದರಲ್ಲೂ ನಾದಿನಿಯನ್ನು ಸೇರಿಸಿಲ್ಲ. ಅವಳು ಮಾತ್ರ ತಲೆ ಎತ್ತದೆ ಸಿಲಿಂಡರು ಒರೆಸುತ್ತಾ, "ಬಿಡಿ ಅತ್ತಿಗೆ, ಬಂದವರ ಮುಂದೆಲ್ಲ ಅದೇ ಪುರಾಣ," ಎನ್ನುತ್ತಾಳೆ.

ಅತ್ತಿಗೆ ಬಿಡುವವರಲ್ಲ. ಹೊರಟ ನನ್ನನ್ನು ಬಾಗಿಲಲ್ಲೇ ತಡೆಯುತ್ತಾರೆ.

"ನನ್ನ ಕೈಗುಣ ಹೊಗಳಿ ಬರೀಬೇಡಿ. ಅದನ್ನ ಬಿಚ್ಚಿ ಕೆಡಿಸಿದ್ದು ನಾನೇ ಅಂತ ಬರೀರಿ. ಪೇಪರಲ್ಲಿ ಬಂದ್ರಾದ್ರೂ ನಂಬ್ತಾರೇನೋ."