ಬರೆ ಬೀಳದ ಹೊಟ್ಟೆ

ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನನ್ನ ಮಗಳು ಅಳಲು ಶುರು ಮಾಡುತ್ತಿದ್ದಳು. ಅಂಥಿಂಥ ಅಳುವಲ್ಲ. ಮುಷ್ಟಿ ಬಿಗಿಹಿಡಿದು, ಕಾಲು ಹೊಟ್ಟೆಗೆ ಸೇರಿಸಿ, ಮುಖವೆಲ್ಲ ಕೆಂಪು ಮಾಡಿಕೊಂಡು, ಎದುರು ಮನೆಯವರ ರೇಡಿಯೋ ಕೇಳಿಸದಷ್ಟು ಜೋರಾಗಿ ಅಳುತ್ತಿದ್ದಳು. ಹಾಲು ಕೊಟ್ಟರೂ ಅಳು, ಎತ್ತಿಕೊಂಡರೂ ಅಳು, ತೊಟ್ಟಿಲಿಗೆ ಹಾಕಿದರೂ ಅಳು. ನಾವು ಊಟಕ್ಕೆ ಕೂರುವ ಹೊತ್ತಿಗೆ ಯಾರೋ ಸ್ವಿಚ್ ಆರಿಸಿದ ಹಾಗೆ ನಿಲ್ಲಿಸಿ, ಏನೂ ನಡೆದೇ ಇಲ್ಲವೆಂಬಂತೆ ನಿದ್ದೆ ಹೋಗುತ್ತಿದ್ದಳು. ಆಮೇಲೆ ಅಳುವ ಸರದಿ ನನ್ನದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಲಸೂರಿನ ಬಜಾರ್ ಬೀದಿಯ ಹಿಂದಿನ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಗೋಡೆಗೆ ಗೋಡೆ ಅಂಟಿದ ಆ ಸಾಲಿನಲ್ಲಿ ಒಂದು ಮನೆಯ ಮಗು ಅತ್ತರೆ ಅದು ಇಡೀ ಗಲ್ಲಿಯ ಮಗು. ನಾನೂ ನನ್ನ ಗಂಡನೂ ಗದಗದ ಕಡೆಯವರು, ಇಬ್ಬರಿಗೂ ಇಲ್ಲಿ ಆಫೀಸಿನ ಕೆಲಸ. ನನ್ನ ಅವ್ವ ಆಗಲೇ ಇರಲಿಲ್ಲವಾದ್ದರಿಂದ ಬಾಣಂತನಕ್ಕೆ ಅತ್ತೆಯೇ ಊರಿನಿಂದ ಬಂದಿದ್ದರು. ನನ್ನ ರಜೆ ಮುಗಿದ ಮೇಲೂ ಮಗುವನ್ನು ನೋಡಿಕೊಂಡು ಇಲ್ಲೇ ಇರುತ್ತೇನೆ ಎಂದು ಅವರೇ ಹೇಳಿದ್ದರು. ನನಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಅಂಟಿನ ಉಂಡಿ ಕಟ್ಟಿ ತಿನ್ನಿಸಿದ ಕೈ ಅದು. ಅವರ ಬಗ್ಗೆ ನನ್ನದು ಒಂದೇ ಒಂದು ಭಯ. ಅವರ ಟ್ರಂಕಿನಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಅರಿಶಿನದ ಕೊಂಬು ಇತ್ತು.

ನಮ್ಮ ಕಡೆ ಕೂಸು ಬಿಡದೆ ಅತ್ತರೆ ಹೊಟ್ಟೆಗೆ ಬರೆ ಹಾಕುತ್ತಾರೆ. ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಸಿ ಹೊಕ್ಕಳಿನ ಸುತ್ತ ಇಡುವುದು. ಒಳಗಿನ ನೋವು ಹೊರಗೆ ಬರುತ್ತದೆ ಎಂಬ ನಂಬಿಕೆ. ನನ್ನ ಹೊಟ್ಟೆಯ ಮೇಲೆ ಆ ಕಲೆಗಳು ಇವತ್ತಿಗೂ ಇವೆ. ನನ್ನ ಗಂಡನ ಹೊಟ್ಟೆಯ ಮೇಲೂ ಇವೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಕಲೆಗೆ ಕಲೆ ಹೋಲಿಸಿ ನೋಡಿ ನಕ್ಕಿದ್ದೆವು. ಮಗಳು ಹುಟ್ಟಿದ ಮೇಲೆ ನನಗೆ ಆ ನಗು ಬರಲಿಲ್ಲ.

"ಹಾಕಿಸಿಬಿಡೂಣು," ಎಂದರು ಅತ್ತೆ, ಅಳು ಶುರುವಾದ ಮೊದಲ ವಾರದಲ್ಲೇ. "ನಿನಗೂ ಹಾಕ್ಯಾರ, ನನ್ನ ಮಗಗೂ ಹಾಕ್ಯಾರ. ಸತ್ತೀರೇನು ಇಬ್ಬರೂ?"

ಸತ್ತಿರಲಿಲ್ಲ, ನಿಜ. ನನ್ನ ಗಂಡ ಪೇಪರ್ ಹಿಡಿದುಕೊಂಡು ಮುಖ ಮುಚ್ಚಿಕೊಂಡ. ಅವ್ವನ ಎದುರಿಗೆ ಬಾಯಿ ಬಿಡುವ ಗಂಡಸು ಅವನಲ್ಲ ಎಂಬುದು ನನಗೆ ಗೊತ್ತಿತ್ತು. ಈ ಯುದ್ಧ ನನ್ನದೇ ಎಂದು ಅವತ್ತೇ ಸೆರಗು ಬಿಗಿದೆ.

ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮನ ಬಾಯಿ ಸ್ವಲ್ಪ ಜೋರು. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, ತೂಕ ಹಾಕಿ, "ಮಗು ಚೆನ್ನಾಗಿ ಬೆಳೀತಿದೆ. ಜ್ವರ ಇಲ್ಲ, ವಾಂತಿ ಇಲ್ಲ. ಇದು ಕಾಯಿಲೆನೇ ಅಲ್ಲ ರೀ. ಕೆಲವು ಮಕ್ಕಳು ಹೀಗೇನೇ. ಮೂರ್ನಾಲ್ಕು ತಿಂಗಳಾಗ್ಲಿ, ತಾನೇ ನಿಲ್ಲಿಸ್ತಾಳೆ. ಅಲ್ಲೀವರ್ಗೂ ನಿಮ್ಮ ಹಾಲು ಬಿಟ್ಟು ಬಾಯಿಗೆ ಇನ್ನೇನೂ ಹಾಕ್ಬೇಡಿ," ಎಂದರು. ಔಷಧಿ ಬರೆಯಲಿಲ್ಲ. ಅತ್ತೆಗೆ ಅದೇ ದೊಡ್ಡ ಅವಮಾನ. ಔಷಧ ಕೊಡದ ಡಾಕ್ಟರು ಡಾಕ್ಟರೇ ಅಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು.

ನಾನು ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅಳು ತಾನಾಗಿ ನಿಲ್ಲಲು ಇನ್ನೂ ಎರಡು ತಿಂಗಳಾದರೂ ಬೇಕು. ನನ್ನ ರಜೆ ಮುಗಿಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಷ್ಟರಲ್ಲಿ ಅಳು ನಿಲ್ಲಬೇಕು, ಇಲ್ಲವೇ ಅತ್ತೆಯ ಮನಸ್ಸು ತಿರುಗಬೇಕು. ಎರಡೂ ಆಗದಿದ್ದರೆ, ನಾನು ಆಫೀಸಿನಲ್ಲಿ ಕೂತಿರುವಾಗ ಹಲಸೂರಿನ ಆ ಅಡಿಗೆಮನೆಯಲ್ಲಿ ಕೆಂಡದ ಮೇಲೆ ಕೊಂಬು ಕಾಯುತ್ತದೆ. ಸಂಜೆ ನಾನು ಬಂದು ಏನು ಅಬ್ಬರಿಸಿದರೂ ಬಿದ್ದ ಬರೆ ಅಳಿಸುವುದಿಲ್ಲ.

ದಾರಿ ತೋರಿಸಿದ್ದು ಅತ್ತೆಯೇ, ತಮಗೆ ಗೊತ್ತಿಲ್ಲದ ಹಾಗೆ. ಮನೆ ಮಾಲೀಕರ ಹೆಂಡತಿ, ತಮಿಳಿನವರು, ಒಂದು ಸಂಜೆ ಲೋಟದಲ್ಲಿ ಬಿಸಿ ಓಮದ ನೀರು ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದರು. "ಅಯ್ಯೋ ಪಾಪ, ಗ್ಯಾಸ್ ಇದು ಕಣಮ್ಮಾ. ಒಂದು ಸ್ಪೂನ್ ಹಾಕು, ಗಪ್‌ಚುಪ್ ಆಗ್ಬಿಡತ್ತೆ." ಮಗುವಿನ ಬಾಯಿಗೆ ಹಾಕುವಂತಿಲ್ಲವಲ್ಲ, ಹಾಲಿನ ಮೂಲಕ ಹೋಗಲಿ ಎಂದು ನಾನೇ ಗಟಗಟ ಕುಡಿದೆ. ಅತ್ತೆ ಅದನ್ನು ನೋಡಿ, "ಆತು, ಈ ವಾರ ಹೋತು. ಮದ್ದಿನ ಮ್ಯಾಲೆ ಮದ್ದು ಹಾಕಬಾರದು. ಒಂದರ ಶಕ್ತಿ ಇಳಿದ ಮ್ಯಾಲೆ ಇನ್ನೊಂದು," ಎಂದು ಹೊರಗೆ ತೆಗೆದಿದ್ದ ಕೊಂಬನ್ನು ಮತ್ತೆ ಟ್ರಂಕಿಗೆ ಸೇರಿಸಿದರು.

ನನ್ನ ಕಿವಿ ನೆಟ್ಟಗಾಯಿತು. ಮದ್ದಿನ ಮೇಲೆ ಮದ್ದು ಹಾಕಬಾರದು! ಇದು ಅವರ ಅತ್ತೆಯಿಂದ ಅವರಿಗೆ ಬಂದ ಕಾನೂನು. ತಲೆ ಹೋದರೂ ಮುರಿಯುವವರಲ್ಲ. ಅಂದರೆ ಮನೆಯಲ್ಲಿ ಯಾವುದಾದರೂ ಒಂದು ಮದ್ದು ನಡೆಯುತ್ತಿರುವವರೆಗೆ ಬರೆಗೆ ಸರದಿಯೇ ಬರುವುದಿಲ್ಲ.

ಅವತ್ತಿನಿಂದ ನಾನು ಗಲ್ಲಿಯವರ ಸಲಹೆಗಳಿಗೆ ಬಾಗಿಲು ತೆರೆದಿಟ್ಟೆ. ಅದುವರೆಗೆ ಯಾರಾದರೂ "ಹೀಗೆ ಮಾಡಿ ನೋಡಿ" ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವಳು ಈಗ ಒಳಗೆ ಕರೆದು ಕೂರಿಸಿ ಕಾಫಿ ಕೊಡತೊಡಗಿದೆ. ನನ್ನದು ಎರಡೇ ಷರತ್ತು: ಮಗುವಿನ ಬಾಯಿಗೆ ಏನೂ ಹೋಗಕೂಡದು, ಮಗುವಿನ ಮೈಗೆ ನೋವಾಗಕೂಡದು.

ಓಮದ ನೀರಿನ ಶಕ್ತಿ ಇಳಿಯುವ ಮೊದಲೇ ಎದುರು ಮನೆಯವರು ಬಂದರು. ಮನೆಯಲ್ಲಿ ದಖನಿ, ನಮ್ಮೊಂದಿಗೆ ಕನ್ನಡ, ಮೊಮ್ಮಕ್ಕಳಿಗೆ ಬೈಯುವಾಗ ತಮಿಳು ಮಾತಾಡುತ್ತಿದ್ದ ಅಜ್ಜಿ ಅವರು. "ನಜರ್ ಆಗಿದೆ ಅಮ್ಮಾ, ಯಾರ್ದೋ ಕಣ್ಣು ಬಿದ್ದಿದೆ, ಪಕ್ಕಾ ನಜರ್. ದರ್ಗಾಗೆ ಕರ್ಕೊಂಡ್ ಹೋಗೋಣ ಚಲೋ." ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು, ಅತ್ತೆಯೂ ತಲೆ ತುಂಬ ಸೆರಗು ಹೊದ್ದು ಬಂದರು. ಅಲ್ಲಿನ ಹಿರಿಯರು ನವಿಲುಗರಿಯ ಕಟ್ಟನ್ನು ಮಗುವಿನ ಮೇಲೆ ನೇವರಿಸಿ, ಮೆಲ್ಲಗೆ ಊದಿ, ಒಂದು ಕಪ್ಪು ದಾರ ಕೊಟ್ಟರು. ಮಗಳು ಆ ನವಿಲುಗರಿಯನ್ನು ಕಣ್ಣು ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು. ಸಂಜೆಗೆ ಮನೆಯಲ್ಲಿ ಮಾಮೂಲಿ ಅಳುವಿನ ಕಛೇರಿ ನಡೆಯಿತು. ಆದರೆ ದಾರ ತೊಟ್ಟಿಲಿಗೆ ಕಟ್ಟಿದ್ದಾಗಿತ್ತು. "ದಾರ ತಾನಾಗೇ ಹರೀಬೇಕು. ಅಲ್ಲೀತನಾ ಏನೂ ಮಾಡಂಗಿಲ್ಲ," ಎಂದರು ಅತ್ತೆ. ಅಂಥ ಗಟ್ಟಿ ದಾರ ಕೊಟ್ಟ ಹಿರಿಯರಿಗೆ ನಾನು ನಿಂತಲ್ಲಿಂದಲೇ ಕೈ ಮುಗಿದೆ.

ಹರಿಯಿತು, ದುರದೃಷ್ಟ. ಆಮೇಲೆ ಆಫೀಸಿನ ಗೆಳತಿಯೊಬ್ಬಳು ಹೋಮಿಯೋಪತಿ ಎಂದಳು. ಸಕ್ಕರೆ ಗುಳಿಗೆಗಳನ್ನು ಕ್ರಮವಾಗಿ ನಾನೇ ತಿಂದೆ. ಸಿಹಿಯಾಗಿದ್ದವು. ಗುಳಿಗೆ ಮುಗಿದ ಮೇಲೆ ಅದೇ ಗೆಳತಿ ಇಂದಿರಾನಗರದಲ್ಲಿ ಮಕ್ಕಳಿಗೆ ಮಸಾಜ್ ಕಲಿಸುವ ಹೊಸ ಕ್ಲಾಸಿನ ಸುದ್ದಿ ತಂದಳು. ಅಲ್ಲಿ ತಣ್ಣಗಿನ ಮೊಸಾಯಿಕ್ ನೆಲದ ಮೇಲೆ ಚಾಪೆ ಹಾಸಿ, ಅಂಗಾಲಿನಲ್ಲಿ ಹೊಟ್ಟೆಯ ಜಾಗ ಇದೆ, ಹೆಬ್ಬೆರಳಿನಿಂದ ಹೀಗೆ ಸುತ್ತಿಸಬೇಕು, ಜೊತೆಗೆ ನೀವು ದೀರ್ಘವಾಗಿ ಉಸಿರಾಡಬೇಕು ಎಂದು ಒಬ್ಬ ಮೇಡಂ ಇಂಗ್ಲಿಷಿನಲ್ಲಿ ಹೇಳಿಕೊಟ್ಟರು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ನೋಡಿ, ಹೊರಗೆ ಬಂದ ಮೇಲೆ, "ಈಕಿಗೆ ಕೂಸು ಹಿಡಿಯಾಕ ಬರಂಗಿಲ್ಲ," ಎಂದರು. ಆದರೂ ಮನೆಗೆ ಬಂದು ತಾವೇ ಹರಳೆಣ್ಣೆ ಬೆಚ್ಚಗೆ ಮಾಡಿ ಮೊಮ್ಮಗಳ ಅಂಗಾಲು ತಿಕ್ಕಿದರು.

ಇವುಗಳಿಂದ ಅಳು ಕಡಿಮೆಯಾಯಿತೇ? ಹೇಳುತ್ತೇನೆ ಕೇಳಿ: ಒಂದು ಚೂರೂ ಇಲ್ಲ. ಯಾವ ಮದ್ದು ಶುರು ಮಾಡಿದರೂ ಮೊದಲೆರಡು ದಿನ "ಇವತ್ತು ಸ್ವಲ್ಪ ಕಮ್ಮಿ ಅಲ್ವಾ?" ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಮೂರನೆಯ ದಿನ ಅವಳು ನಮ್ಮ ಭ್ರಮೆ ಬಿಡಿಸುತ್ತಿದ್ದಳು.

ಕೊನೆಗೆ ನನ್ನ ಮದ್ದಿನ ಮೂಟೆ ಖಾಲಿಯಾಯಿತು. ಗಲ್ಲಿಯಲ್ಲಿ ಹೊಸ ಸಲಹೆ ಹೇಳುವವರು ಉಳಿಯಲಿಲ್ಲ. ಮುಂದಿನ ಸೋಮವಾರ ನಾನು ಆಫೀಸಿಗೆ ಹೋಗಬೇಕಿತ್ತು. ಅಮಾವಾಸ್ಯೆಯ ದಿನ ಸ್ನಾನ ಮುಗಿಸಿ ಬಂದವಳು ನೋಡುತ್ತೇನೆ, ಹಿತ್ತಲಿನಲ್ಲಿ ಇದ್ದಿಲ ಒಲೆ ಹೊತ್ತಿತ್ತು. ಪಕ್ಕದಲ್ಲಿ ಸೀರೆಯ ತುಂಡು ಬಿಚ್ಚಿಕೊಂಡಿತ್ತು. ಅತ್ತೆಯ ತೊಡೆಯ ಮೇಲೆ ನನ್ನ ಮಗಳು ಬರಿಮೈಯಲ್ಲಿ ಮಲಗಿ, ಅವರ ಬಳೆ ಹಿಡಿದು ಜಗ್ಗುತ್ತಿದ್ದಳು.

ಕಿತ್ತುಕೊಂಡು ಓಡಿಬಿಡಬಹುದಿತ್ತು. ಆದರೆ ಸೋಮವಾರ ಎಲ್ಲಿಗೆ ಓಡಲಿ? ಹೋಗಿ ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಒಂದು ಕೈ ಮಗಳ ಹೊಟ್ಟೆಯ ಮೇಲಿಟ್ಟೆ. ಹಾಕುವುದಾದರೆ ನನ್ನ ಕೈಮೇಲೆ ಹಾಕಲಿ ಎಂದುಕೊಂಡೆ. ಬಾಯಿಗೆ ಬಂದದ್ದು ಕೇಳಿದೆ.

"ಅತ್ತೀ, ಇವರಿಗೆ ಬರಿ ಹಾಕಿದ ಮರುದಿನ ಅಳೂದು ನಿಂತಿತ್ತೇನ್ರಿ?"

"ಮರುದಿನ ಹೆಂಗ ನಿಂದರತೈತಿ?" ಎಂದರು ಅತ್ತೆ, ಒಲೆ ಕೆದಕುತ್ತಲೇ. "ಮೈ ಸುಟ್ಟಿತ್ತಲ್ಲ. ಮತ್ತಿಷ್ಟು ಅಳತಿದ್ದ."

"ಮತ್ತ ಯಾವಾಗ ನಿಂತಿತ್ರಿ?"

"ನಾಕು ತಿಂಗಳು ತುಂಬಿದ ಮ್ಯಾಲೆ..."

ಹೇಳುತ್ತ ಹೇಳುತ್ತ ಅವರ ಕೈ ನಿಂತಿತು. ಡಾಕ್ಟರಮ್ಮ ಹೇಳಿದ ಮಾತನ್ನು ನಾನು ನೆನಪಿಸಲಿಲ್ಲ. ಅದು ಅವರಿಗೇ ನೆನಪಾಗಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಅತ್ತೆ ಒಲೆ ಕೆದಕುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟರು. "ನಾ ಹಾಕಿದ್ದಲ್ಲವ್ವಾ. ನನ್ನ ಅತ್ತಿ ಹಾಕಿದ್ರು. ನಾ ಹೊರಗ ಹೋಗಿ ಕಿವಿ ಮುಚಗೊಂಡು ನಿಂತಿದ್ದೆ." ಅವರ ಕಣ್ಣಲ್ಲಿ ನೀರು ತುಂಬಿತು. ಅದುವರೆಗೆ ನಾನು ಅವರು ಅತ್ತದ್ದನ್ನು ನೋಡಿರಲೇ ಇಲ್ಲ. "ಹೊಳ್ಳಿ ಬಂದು ಎತ್ತಿಕೊಂಡರ ನನ್ನ ಮುಖಾನೂ ನೋಡಲಿಲ್ಲ ಕೂಸು."

ಮಗಳು ಬಳೆ ಬಿಟ್ಟು ಅವರ ಬೆರಳು ಹಿಡಿದುಕೊಂಡಳು. ಅತ್ತೆ ಚೊಂಬಿನ ನೀರನ್ನು ಒಲೆಗೆ ಸುರಿದರು. ಚುಯ್ಯೆಂದು ಹೊಗೆ ಎದ್ದಿತು. ಹೊಗೆಗೆ ಇಬ್ಬರೂ ಕಣ್ಣು ಒರೆಸಿಕೊಂಡೆವು, ಹೊಗೆಯದ್ದೇ ತಪ್ಪು ಎನ್ನುವ ಹಾಗೆ.

ಸೋಮವಾರ ನಾನು ಆಫೀಸಿಗೆ ಹೋದೆ. ಹೆದರಿಕೆಯಿಲ್ಲದೆ ಹೋದೆ. ಅದಾದ ಸ್ವಲ್ಪ ದಿನಕ್ಕೆ, ಒಂದು ಸಂಜೆ ದೀಪ ಹಚ್ಚಿದ ಮೇಲೂ ಮನೆ ಸುಮ್ಮನಿತ್ತು. ನಾವು ತೊಟ್ಟಿಲ ಸುತ್ತ ನಿಂತು ಬಗ್ಗಿ ನೋಡಿದೆವು. ಮಗಳು ತನ್ನ ಕಾಲ್ಬೆರಳನ್ನು ಬಾಯಿಗೆ ಹಾಕಿಕೊಳ್ಳುವ ಪ್ರಯತ್ನದಲ್ಲಿದ್ದಳು. ಅಳು ಅಲ್ಲಿಗೆ ಮುಗಿಯಿತು, ಹೇಳದೆ ಕೇಳದೆ.

ಗಲ್ಲಿಯಲ್ಲಿ ವಿಜಯೋತ್ಸವ ಶುರುವಾಯಿತು. ಮಾಲೀಕರ ಹೆಂಡತಿ, "ನಾನು ಹೇಳ್ಲಿಲ್ವಾ, ಓಮ ಅಂದ್ರೆ ಓಮ," ಎಂದರು. ಎದುರು ಮನೆಯ ಅಜ್ಜಿ ಸೀದಾ ಆಕಾಶಕ್ಕೆ ಕೈ ತೋರಿಸಿದರು. ಗೆಳತಿ ಫೋನಿನಲ್ಲಿ ಮೊದಲು ಗುಳಿಗೆಗೆ, ಆಮೇಲೆ ಮಸಾಜಿಗೆ ಜೈ ಎಂದಳು. ನಾನು ಎಲ್ಲರಿಗೂ ಹೌದು ಹೌದು ಎಂದು ಮೈಸೂರುಪಾಕ್ ಹಂಚಿದೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲಿಲ್ಲ. ಆ ಮದ್ದುಗಳು ಕೆಲಸ ಮಾಡಿದ್ದು ನಿಜ. ಮಗುವಿನ ಮೇಲೆ ಮಾಡಲಿಲ್ಲ ಅಷ್ಟೇ. ನನಗೆ ಬೇಕಾದ ಎರಡು ತಿಂಗಳನ್ನು ಅವು ಒಂದೊಂದೇ ವಾರವಾಗಿ ಗಳಿಸಿಕೊಟ್ಟವು. ಇವತ್ತು ಯಾರಾದರೂ ಎಳೆ ತಾಯಂದಿರು ಇವೆಲ್ಲ ಕೆಲಸ ಮಾಡುತ್ತವಾ ಎಂದು ಕೇಳಿದರೆ, ಮೊದಲು ಡಾಕ್ಟರಿಗೆ ತೋರಿಸು, ಆಮೇಲೆ ಮಗುವಿಗೆ ನೋವಾಗದ ಯಾವುದನ್ನಾದರೂ ಮಾಡುತ್ತ ಕಾಯುತ್ತಿರು ಎನ್ನುತ್ತೇನೆ. ಕಾಯುವುದು ಬಹಳ ಕಷ್ಟದ ಕೆಲಸ, ಕೈಗೆ ಏನಾದರೂ ಬೇಕು.

ಏಳೆಂಟು ವರ್ಷ ಕಳೆಯಿತು. ಮೈದುನ ಬಾಣಸವಾಡಿಯಲ್ಲಿ ಮನೆ ಮಾಡಿದ್ದ, ಅವನಿಗೆ ಮಗ ಹುಟ್ಟಿದ್ದ. ತೊಟ್ಟಿಲ ಶಾಸ್ತ್ರಕ್ಕೆ ಊರಿನ ನೆಂಟರೆಲ್ಲ ಬಂದಿದ್ದರು. ಸಂಜೆಯಾಗುತ್ತಿದ್ದಂತೆ ಕೂಸು ಮುಷ್ಟಿ ಬಿಗಿದು ರಾಗ ತೆಗೆಯಿತು. ನಮ್ಮ ಮನೆತನದ ರಾಗ, ನನಗೆ ತಕ್ಷಣ ಗುರುತು ಸಿಕ್ಕಿತು. ನೆಂಟರ ಪೈಕಿ ಹಿರಿಯ ಹೆಂಗಸೊಬ್ಬರು, "ಹೊಟ್ಟಿಗೆ ನಾಕು ಬರಿ ಹಾಕ್ರಿ, ಸರಿಹೋಗತದ," ಎಂದರು. ನಮ್ಮ ಓರಗಿತ್ತಿ, ಎಳೆ ಬಾಣಂತಿ, ಮಗುವನ್ನು ಎದೆಗೆ ಒತ್ತಿಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು.

"ಬರಿ ಗಿರಿ ಅಂದ್ರ ನೋಡ್ರಿ ಮತ್ತ! ನನ್ನ ಮನ್ಯಾಗ ಆ ಮಾತು ಎತ್ತಬ್ಯಾಡ್ರಿ." ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ನನ್ನ ಮಗಳನ್ನು ಕೂಗಿ ಕರೆದರು. ಅವಳು ಏದುಸಿರು ಬಿಡುತ್ತ ಓಡಿ ಬಂದಳು, ರೇಷ್ಮೆ ಲಂಗ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡಿದ್ದಳು. ಲಂಗಕ್ಕೂ ರವಿಕೆಗೂ ನಡುವೆ ಕಾಣುತ್ತಿದ್ದ ಆ ದುಂಡು ಹೊಟ್ಟೆಯನ್ನು ಅತ್ತೆ ಅಂಗೈಯಿಂದ ತಟ್ಟಿ, ಇಡೀ ಮನೆಗೆ ಕೇಳುವಂತೆ ಹೇಳಿದರು:

"ಇದಕ್ಕಿಂತ ಜೋರಾಗಿ ಅತ್ತಾಕಿ ಈಕಿ. ಎಲ್ಲಾರೂ ಹಾಕ್ರಿ ಹಾಕ್ರಿ ಅಂದ್ರು. ನಾ ಹಾಕಗೊಡಲಿಲ್ಲ. ನೋಡ್ರಿ, ಒಂದರ ಕಲಿ ಐತೇನು?"

ನನ್ನ ಗಂಡ ತಿರುಗಿ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಹುಟ್ಟಿದಾಗಿನಿಂದ ಅವ್ವನ ಎದುರು ಬಾಯಿ ಬಿಡದವನಿಗೆ ಅವತ್ತೇ ಸತ್ಯ ಹೇಳುವ ಹುಮ್ಮಸ್ಸು. ನಾನು ಅವನ ಕಾಲು ತುಳಿದೆ.

"ಹೌದ್ರಿ," ಎಂದೆ ನೆಂಟರಿಗೆ, ಎಲ್ಲರಿಗಿಂತ ಜೋರಾಗಿ. "ನಮ್ಮ ಅತ್ತಿ ಹಾಕಗೊಡಲಿಲ್ಲ."

ಮಗಳು ಅಜ್ಜಿಯ ಕೈ ಬಿಡಿಸಿಕೊಂಡು ಮತ್ತೆ ಆಟಕ್ಕೆ ಓಡಿದಳು.