ಕುರಿ ಕಣ್ಣಿನ ಮೇಷ್ಟ್ರು

ಅವರ ಬಲಗೈ ಬೆರಳುಗಳ ತುದಿಗಳು ಬೆಳ್ಳಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲದಂತೆ ಇದ್ದವು. ನಮ್ಮ ಕಾಲೇಜಿಗೆ ಬೆರಳೊತ್ತುವ ಹಾಜರಾತಿ ಯಂತ್ರ ಬಂದಾಗ ಅದು ಎಲ್ಲ ಮೇಷ್ಟ್ರುಗಳ ಹೆಬ್ಬೆರಳನ್ನೂ ಒಪ್ಪಿಕೊಂಡು ಇವರದನ್ನು ಮಾತ್ರ ಒಪ್ಪಲಿಲ್ಲ. ಒರೆಸಿ ಒತ್ತಿದರು, ಊದಿ ಒತ್ತಿದರು, ಕೊನೆಗೆ ಎಡಗೈ ಕಿರುಬೆರಳಿಗೆ ಯಂತ್ರ ಒಲಿಯಿತು. ರಾಮನಗರದಲ್ಲಿ ಅವರ ಮನೆಯವರು ರೇಷ್ಮೆ ನೂಲು ತೆಗೆಯುವವರು. ಚಿಕ್ಕಂದಿನಿಂದ ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡುಗಳ ಎಳೆಯ ತುದಿ ಹುಡುಕಿ ಹುಡುಕಿ ಬೆರಳ ಗೆರೆಗಳೆಲ್ಲ ಬೆಂದು ಹೋಗಿದ್ದವು. ಮಾಗಡಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾವು ವೇಲಿನ ತುದಿಯಲ್ಲಿ ಹಿಡಿದುಕೊಳ್ಳುತ್ತಿದ್ದ ಟೀ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದು ಆರಾಮಾಗಿ ಮಾತಾಡುತ್ತಾ ನಿಂತಿರುತ್ತಿದ್ದರು.

ಪಿಯುಸಿಯಲ್ಲಿ ಅವರು ನಮಗೆ ಜೀವಶಾಸ್ತ್ರ ಹೇಳಿದರು. ದಿನಾ ರಾಮನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅದಕ್ಕೂ ಮೊದಲು ಬೆಂಗಳೂರಿನ ಯಾವುದೋ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು, ಕಣ್ಣಿನೊಳಗಿನ ಒಂದೇ ಒಂದು ಪ್ರೋಟೀನನ್ನು ಓದಿ ಡಾಕ್ಟರೇಟ್ ತೆಗೆದುಕೊಂಡಿದ್ದರು. ಆ ಪ್ರೋಟೀನು ಬೇಕೆಂದರೆ ಕುರಿಯ ಕಣ್ಣು ಬೇಕಂತೆ. ಬೆಳಿಗ್ಗೆ ಮಟನ್ ಅಂಗಡಿಗೆ ಹೋಗಿ, ಟಿಫನ್ ಡಬ್ಬಿಯಲ್ಲಿ ಐಸ್ ಹಾಕಿಕೊಂಡು, ಕಣ್ಣುಗಳನ್ನು ತುಂಬಿಸಿಕೊಂಡು ಬರುತ್ತಿದ್ದರಂತೆ. ಅಂಗಡಿಯವನು ಬಿಸಾಕುವುದನ್ನು ಆರಿಸಿ ತರಲಿಕ್ಕೆ ಇಷ್ಟು ಓದಬೇಕಿತ್ತಾ ಎಂದು ಅವರ ತಾಯಿ ಹಣೆ ಚಚ್ಚಿಕೊಂಡಿದ್ದನ್ನು ಅವರೇ ಕ್ಲಾಸಿನಲ್ಲಿ ನಗುತ್ತಾ ಹೇಳಿದ್ದರು. ಹೇಳಿದ ಮೇಲೆ ಹುಡುಗರು ಬಿಡುತ್ತಾರಾ? ಕುರಿ ಕಣ್ಣಿನ ಮೇಷ್ಟ್ರು ಅಂತ ಹೆಸರು ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಪಾಠದ ಪುಸ್ತಕದಲ್ಲಿ ಕಣ್ಣಿಗೆ ಇದ್ದದ್ದು ಒಂದೆರಡು ಪುಟ. ಇವರು ಅದನ್ನು ವಾರಗಟ್ಟಲೆ ಎಳೆದರು. ಜೀವಕೋಶದಲ್ಲಿ ಇಂಥ ಕಿಣ್ವ ಇಂಥ ಕೆಲಸ ಮಾಡುತ್ತದೆ ಎಂದು ಯಾರಾದರೂ ಗಿಣಿಪಾಠ ಒಪ್ಪಿಸಿದರೆ ಕೈ ಎತ್ತಿ ನಿಲ್ಲಿಸುವರು. “ಕೆಲಸ ಯಾರು ಮಾಡ್ತಾರೆ ಅನ್ನೋದು ಆಮೇಲೆ. ಅವನ ಕೈ ಹಿಡ್ಕೊಂಡು ನಿಲ್ಸಿರೋರು ಯಾರು, ಮೊದ್ಲು ಅದನ್ನ ಕೇಳಿ” ಎನ್ನುವರು. ಇದನ್ನು ಎಷ್ಟು ಸಲ ಹೇಳಿದ್ದರೆಂದರೆ, ಸ್ಟಾಫ್ ರೂಮಿನಲ್ಲಿ ಯಾರೋ ಪ್ರಿನ್ಸಿಪಾಲರ ಬಗ್ಗೆ ಗೊಣಗುತ್ತಿದ್ದಾಗಲೂ ಇದೇ ಮಾತು ಹೇಳಿದರಂತೆ.

ಇನ್ನು ನನ್ನ ಕಥೆ. ಸಾವನದುರ್ಗದ ಕೆಳಗಿನ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನನಗೆ ಹುಟ್ಟಿದಾಗಿನಿಂದ ಇರುಳುಗಣ್ಣು. ಸಂಜೆ ದೀಪ ಹಚ್ಚುವ ಹೊತ್ತಾದರೆ ಗೋಡೆ ಸವರಿಕೊಂಡು ನಡೆಯಬೇಕು. ನುಗ್ಗೆಸೊಪ್ಪು ತಿನ್ನಿಸಿದರು, ಮೇಕೆಯ ಈಲಿ, ಅಂದರೆ ಲಿವರು, ತಿನ್ನಿಸಿದರು, ಕ್ಯಾರೆಟ್ಟಿನ ಹೆಸರು ಕೇಳಿದರೆ ಇವತ್ತಿಗೂ ನಾನು ಊಟ ಬಿಟ್ಟು ಏಳುತ್ತೇನೆ. ಯಾವುದೂ ನಾಟಲಿಲ್ಲ. ಒಮ್ಮೆ ಕಣ್ಣಿನ ಕ್ಯಾಂಪಿನಲ್ಲಿ ನೋಡಿದ ಡಾಕ್ಟರು ಒಳಗಿನ ಪರದೆ ಒಣಗುತ್ತಾ ಬರುವ ಕಾಯಿಲೆ ಇರಬಹುದು, ಇದಕ್ಕೆ ಔಷಧಿ ಇಲ್ಲ, ಮೂವತ್ತು ದಾಟುವ ಹೊತ್ತಿಗೆ ಹಗಲೂ ಕಾಣದೆ ಹೋಗಬಹುದು ಎಂದು ಅವ್ವನಿಗೆ ಹೇಳಿದರು. ಅವ್ವ ದಾರಿಯುದ್ದಕ್ಕೂ ಅತ್ತಳು.

ಅಪ್ಪ ಮಾತ್ರ ನಂಬಲಿಲ್ಲ. ಅದಕ್ಕೆ ಅವನದೇ ಕಾರಣ ಇತ್ತು. ಹುಳಕ್ಕೆ ಬೆಳಗಿನ ಜಾವ ಸೊಪ್ಪು ಹಾಕುವ ಕೆಲಸ ನನ್ನದು. ಬಲ್ಬು ಹಾಕಿದರೆ ಅಲ್ಲೇ ಮಗ್ಗುಲಲ್ಲಿ ಮಲಗುತ್ತಿದ್ದ ಅಜ್ಜಿ ಬೈಯುತ್ತಿದ್ದಳು. ಹಾಗಾಗಿ ಎದ್ದವಳೇ ಕತ್ತಲಲ್ಲೇ ಹುಳದ ಮನೆಗೆ ಹೋಗಿ, ಜಾಲರಿಯಿಂದ ಬರುವ ಅಷ್ಟಿಷ್ಟು ಬೆಳಕಿನಲ್ಲೇ, ಹುಳಗಳನ್ನು ಹರಡಿದ್ದ ನೆಲದ ಹಾಸಿನ ಉದ್ದಕ್ಕೂ ಸೊಪ್ಪು ಹಾಕಿ ಬರುತ್ತಿದ್ದೆ. ಒಂದು ಹುಳವನ್ನೂ ತುಳಿಯುತ್ತಿರಲಿಲ್ಲ. ಅದೇ ಹುಡುಗಿ ಸಂಜೆ ಸೊಪ್ಪು ಹಾಕು ಎಂದರೆ ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಾಳೆ! ಕೆಲಸಗಳ್ಳಿ, ನಾಟಕದವಳು ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದ. ಹಾಗಂತ ಅವನಿಗೂ ಒಳಗೊಳಗೆ ಭಯ ಇತ್ತೇನೋ. ಕಣ್ಣಿನ ಸುದ್ದಿ ಊರಿಗೆ ಹಬ್ಬುವ ಮೊದಲೇ ನನ್ನನ್ನು ಅವ್ವನ ತಮ್ಮನಿಗೆ ಕೊಟ್ಟು ಕೈ ತೊಳೆದುಕೊಳ್ಳುವ ಮಾತು ನಡೆದಿತ್ತು. ನನಗೋ ಓದುವ ಆಸೆ. ಆದರೆ ಕಣ್ಣೇ ಹೋಗುವವಳು ಓದಿ ಏನು ಮಾಡಲಿ ಅನ್ನಿಸಿ, ಪುಸ್ತಕ ಬಿಚ್ಚಿದರೆ ಅಕ್ಷರ ಮಸುಕಾಗಿದೆಯೋ ಇಲ್ಲವೋ ಎಂದು ನೋಡುವುದೇ ಆಗಿತ್ತು. ಕ್ಯಾಂಪಿನ ವಿಷಯ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಮೇಷ್ಟ್ರು ಕಣ್ಣಿನ ಪಾಠಕ್ಕೆ ಆಟ ಕಟ್ಟಿದರು. ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ಒಬ್ಬ ಹುಡುಗ ಬೆಳಕು ಹಿಡಿಯುವ ರಿಸೆಪ್ಟರ್. ಕಿಟಕಿ ತೆರೆದ ಕೂಡಲೇ ಅವನು ಬೆಳಕು, ಬೆಳಕು ಎಂದು ಕೂಗಬೇಕು. ಸುಸ್ತಾಗುವ ತನಕ ತಾನಾಗಿ ನಿಲ್ಲಿಸುವ ಹಾಗಿಲ್ಲ. ನಾನು ಕಿಣ್ವ. ಹೋಗಿ ಅವನ ತಲೆ ಮೇಲೆ ಕೈ ಇಟ್ಟರೆ ಅವನು ಸುಮ್ಮನಾಗಬೇಕು. ನನ್ನ ಗೆಳತಿ, ಮೇಷ್ಟ್ರು ಓದಿದ ಆ ಪ್ರೋಟೀನು. ಅವಳ ಮುಷ್ಟಿಯಲ್ಲಿ ಸೀಮೆಸುಣ್ಣದ ಚೂರುಗಳು. ಅದೇ ಕ್ಯಾಲ್ಸಿಯಂ. ಮುಷ್ಟಿ ತುಂಬಿರುವ ತನಕ ಅವಳು ನನ್ನ ಕೈ ಬಿಡುವಂತಿಲ್ಲ. ಕತ್ತಲಲ್ಲಿ ಕೋಶದೊಳಗೆ ಕ್ಯಾಲ್ಸಿಯಂ ತುಂಬಿರುತ್ತದೆ, ಕಿಣ್ವ ಸುಮ್ಮನಿರುತ್ತದೆ. ಬೆಳಕು ಬಿದ್ದಾಗ ಕ್ಯಾಲ್ಸಿಯಂ ಇಳಿಯುತ್ತದೆ, ಪ್ರೋಟೀನು ಕೈ ಬಿಡುತ್ತದೆ, ಕಿಣ್ವ ಹೋಗಿ ಕೂಗುವವನನ್ನು ಸುಮ್ಮನಾಗಿಸುತ್ತದೆ. ಆಗಲೇ ಕಣ್ಣು ಮುಂದಿನ ನೋಟಕ್ಕೆ ಸಿದ್ಧ.

ಕಿಟಕಿ ತೆರೆಯಿತು. ಹುಡುಗ ಪಕ್ಕದ ಕ್ಲಾಸಿನವರು ಬೈಯುವಷ್ಟು ಕೂಗಿದ. ಮೇಷ್ಟ್ರು ಸೀಮೆಸುಣ್ಣ ಕಿತ್ತುಕೊಂಡರು, ಗೆಳತಿ ಕೈ ಬಿಟ್ಟಳು, ನಾನು ಹೋಗಿ ಅವನ ತಲೆ ಮುಟ್ಟಿದೆ. ಎಲ್ಲ ಸರಿಯಾಯಿತು. ಇನ್ನೊಂದು ಸಲ ಆಡೋಣ ಎಂದು ಕಿಟಕಿ ಮುಚ್ಚಿಸಿ, ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ಎಂದರು. ಬಾಗಿಲ ಸಂದಿನಿಂದ ಎಲ್ಲರಿಗೂ ಸಾಕಾಗುವಷ್ಟು ಬೆಳಕಿತ್ತು. ನನಗೆ ಮಾತ್ರ ಇರಲಿಲ್ಲ. ಎರಡು ಹೆಜ್ಜೆ ಇಟ್ಟು ಟೇಬಲ್ಲಿನ ಮೂಲೆಗೆ ಹೋಗಿ ಬಿದ್ದೆ. ಹುಬ್ಬು ಸೀಳಿತು. ಹುಡುಗರು ಗೊಳ್ಳೆಂದು ನಕ್ಕರು.

ಮೇಷ್ಟ್ರು ನಗಲಿಲ್ಲ. ಹುಬ್ಬಿಗೆ ಹತ್ತಿ ಒತ್ತಿ ಹಿಡಿದು ಸ್ಟಾಫ್ ರೂಮಿನಲ್ಲಿ ಕೂರಿಸಿ ಮೆಲ್ಲಗೆ ವಿಚಾರಿಸಿದರು. ನಾನು ಅದುವರೆಗೆ ನುಂಗಿಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ, ಅಳುತ್ತಲೇ. ಎಲ್ಲ ಹೇಳಿದ್ದೆ, ಬೆಳಗಿನ ಜಾವದ ಮಾತೊಂದನ್ನು ಬಿಟ್ಟು. ಅದನ್ನು ಹೇಳಿದರೆ ಇವರೂ ನನ್ನನ್ನು ನಾಟಕದವಳು ಅಂದುಕೊಂಡರೆ? ಕ್ಯಾಂಪಿನಲ್ಲೂ ಅವ್ವ ಇದೇ ಹೆದರಿಕೆಗೆ ಆ ಮಾತು ಎತ್ತಿರಲಿಲ್ಲ. ಅವರು ಸಮಾಧಾನ ಹೇಳಿದರು, ಆಮೇಲೆ ನಿಮ್ಮ ಅಪ್ಪನ ಹತ್ತಿರ ಮಾತಾಡಬೇಕಲ್ಲಾ ಎಂದರು. ಕಾಲೇಜು ಬಿಡಿಸಬೇಡಿ ಎಂದು ಹೇಳುವುದಷ್ಟೇ ಆಗ ಅವರ ಮನಸ್ಸಿನಲ್ಲಿದ್ದದ್ದು.

ಭಾನುವಾರ ಬಂದೇ ಬಿಟ್ಟರು. ಅಪ್ಪ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದ. ಓದಿನ ಮಾತು ಬಂದ ಕೂಡಲೇ ರೇಗಿದ.

“ಸಾರ್, ನಿಮಗೆ ಗೊತ್ತಿಲ್ಲ ಇವಳ ಆಟ. ಬೆಳಗಿನ ಜಾವ ಕತ್ಲಲ್ಲೇ ಸೊಪ್ಪು ಹಾಕ್ತಾಳೆ, ಒಂದ್ ಹುಳ ತುಳಿಯಾಕಿಲ್ಲ. ಸಂಜೆ ಆಗ್ಬುಟ್ರೆ ಕುರುಡಿ. ಕಣ್ಣು ಹೊತ್ತು ನೋಡ್ಕಂಡು ಹೋಯ್ತದಾ? ನಾಟ್ಕ ಅಲ್ದೆ ಇನ್ನೇನ್ ಸಾರ್ ಇದು?”

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ನಿದ್ದೆ ಮಾಡಿ ಎದ್ದಾಗ ಕಾಣುತ್ತದಾ, ದೀಪ ನೋಡಿದ ಮೇಲೆ ಮತ್ತೆ ಹೋಗುತ್ತದಾ, ಚಿಕ್ಕವಳಿದ್ದಾಗಿನಿಂದ ಹೀಗೇನಾ ಎಂದು ಒಂದರ ಹಿಂದೊಂದು ಕೇಳಿದರು. ಎಲ್ಲಕ್ಕೂ ಹೂಂ ಎಂದೆ.

“ಗೌಡ್ರೇ, ನೀವೀಗ ಬೈದ್ರಲ್ಲ, ಅದನ್ನೇ ಒಸಿ ದೊಡ್ಡ ಡಾಕ್ಟರ ಮುಂದೆ ಹೇಳ್ಬೇಕು. ಒಣಗ್ತಾ ಇರೋ ಪರದೆ ಆಗಿದ್ರೆ ಬೆಳಗಿನ ಜಾವನೂ ಕಾಣಬಾರ್ದು. ಇದು ಬೇರೆ ಇರಬೋದು. ನಾನು ಕಣ್ಣಿನ ಡಾಕ್ಟರ್ ಅಲ್ಲ, ಆಸೆ ಹುಟ್ಸೋಕೆ ನಂಗೆ ಹಕ್ಕಿಲ್ಲ. ಆದ್ರೂ ಒಂದ್ಸಲ ತೋರ್ಸಿ.”

ಅವ್ವ ಒಳಗಿನಿಂದಲೇ, ನಾಳೆಯೇ ಹೋಗೋಣ ಎಂದಳು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ, ಜೊತೆಗೆ ಬಂದಿದ್ದ ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಕೇಳಿದರು. ನನ್ನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಪರದೆಗೆ ಚಿನ್ನದ ಬಣ್ಣದ ಹೊಳಪಿದೆ ಎಂದರು. ಎರಡೂ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಗಂಟೆಗಟ್ಟಲೆ ಕತ್ತಲಲ್ಲಿ ಕೂರಿಸಬೇಕು, ಆಮೇಲೆ ಮತ್ತೆ ನೋಡಬೇಕು, ಆ ಹೊಳಪು ಮಾಯವಾಗಿದ್ದರೆ ಇದು ಬೆಳೆಯುವ ಕಾಯಿಲೆಯಲ್ಲ ಎಂದರು. ಮಾಯವಾಗದಿದ್ದರೆ ಎಂದು ಯಾರೂ ಕೇಳಲಿಲ್ಲ.

ಪಟ್ಟಿ ಕಟ್ಟಿಸಿಕೊಂಡು ಕೂತೆ. ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ಮೇಷ್ಟ್ರು. ಅವ್ವ ಚಿತ್ರಾನ್ನ ತುತ್ತು ಮಾಡಿ ಬಾಯಿಗಿಟ್ಟಳು. ಮೇಷ್ಟ್ರು ಮೊದಮೊದಲು ಮಾತಾಡುತ್ತಿದ್ದರು. ಕುರಿಯ ಕಣ್ಣನ್ನು ಕೆಂಪು ದೀಪದ ಮಸುಕಿನಲ್ಲೇ ಬಿಡಿಸಬೇಕಿತ್ತಂತೆ, ಬಿಳಿ ಬೆಳಕು ಸೋಕಿದರೆ ಅವತ್ತಿನ ಕೆಲಸ ಎಲ್ಲ ಹಾಳಂತೆ. ಆಮೇಲೆ ಮಾತು ನಿಂತಿತು. ಅವರ ಚಪ್ಪಲಿ ನೆಲಕ್ಕೆ ಟಕಟಕ ಬಡಿಯುವುದು ಕೇಳುತ್ತಲೇ ಇತ್ತು. ಕ್ಲಾಸಿನಲ್ಲಿ ಪರೀಕ್ಷೆಗೆ ಹೆದರುವವರನ್ನು ಗೇಲಿ ಮಾಡುತ್ತಿದ್ದ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದರು. ಅದು ಗೊತ್ತಾಗಿ ನನಗೆ ಯಾಕೋ ಧೈರ್ಯ ಬಂತು.

ಪಟ್ಟಿ ಬಿಚ್ಚಿದ್ದು ಕತ್ತಲೆ ಕೋಣೆಯಲ್ಲಿ. ಡಾಕ್ಟರಮ್ಮನ ಬಿಳಿ ಕೋಟು, ಅವ್ವನ ಮೂಗುತಿ, ಬಾಗಿಲ ಚಿಲಕ, ಎಲ್ಲ ನನಗೆ ಕಾಣುತ್ತಿತ್ತು. ಡಾಕ್ಟರಮ್ಮ ನೋಡಿದರು. ಉಸಿರು ಬಿಟ್ಟರು. ಆಮೇಲೆ ಮೇಷ್ಟ್ರನ್ನು ಕರೆದು, ಬೇಗ ನೋಡಿ ಸಾರ್, ಬೆಳಕು ಬಿದ್ದರೆ ಮತ್ತೆ ಆ ಬಣ್ಣ ಬರುತ್ತದೆ ಎಂದು ಜಾಗ ಬಿಟ್ಟುಕೊಟ್ಟರು. ಮೇಷ್ಟ್ರು ಬಗ್ಗಿ ನನ್ನ ಕಣ್ಣಿನೊಳಗೆ ನೋಡಿದರು.

ಅವ್ವ ಕೇಳಿದ್ದು ಒಂದೇ. “ಕಣ್ಣು ಉಳೀತದಾ ಅಮ್ಮಾ?”

“ಉಳಿಯುತ್ತಮ್ಮ. ರಾತ್ರಿ ಹೀಗೇ ಇರುತ್ತೆ, ಅದಕ್ಕೆ ಔಷಧಿ ಇಲ್ಲ. ಹಗಲಿನ ಕಣ್ಣು ಎಲ್ಲೂ ಹೋಗಲ್ಲ.”

ಅವ್ವ ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟಳು. ನನಗೆ ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಆ ಕ್ಯಾಂಪಿನ ದಿನದಿಂದ ನಾನು ಪೂರ್ತಿ ಉಸಿರೇ ಎಳೆದುಕೊಂಡಿರಲಿಲ್ಲವೇನೋ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ನಿಂತಿದ್ದರು, ಒರೆಸಿದ್ದನ್ನೇ ಒರೆಸುತ್ತಾ.

“ಇಷ್ಟ್ ವರ್ಷ ಈ ಆಟಾನ ಕುರಿ ಕಣ್ಣಲ್ಲಿ ನೋಡಿದ್ದೆ ಕಣಮ್ಮಾ. ಮನುಷ್ಯರ ಮುಖದಲ್ಲಿ ಇವತ್ತೇ ನೋಡಿದ್ದು” ಎಂದರು.

ಮುಂದೆ ರಕ್ತ ಪರೀಕ್ಷೆಯ ಫಲಿತಾಂಶವೂ ಬಂತು. ನನ್ನ ಕಣ್ಣಲ್ಲಿ ಆ ಕಿಣ್ವವೇ ಕೆಟ್ಟಿದೆ. ಅವತ್ತು ಕ್ಲಾಸಿನಲ್ಲಿ ನಾನು ಆಡಿದ ಪಾರ್ಟೇ! ಕೂಗುವವನು ಇದ್ದಾನೆ, ಸುಮ್ಮನಾಗಿಸುವವನು ಇಲ್ಲ. ಅವನು ಕೂಗಿ ಕೂಗಿ ತಾನಾಗಿ ನಿಲ್ಲುವ ತನಕ ನನಗೆ ಕತ್ತಲೆ. ರಾತ್ರಿಯೆಲ್ಲ ಕಣ್ಣು ಮುಚ್ಚಿ ಮಲಗಿದರೆ ಬೆಳಗಿನ ಜಾವಕ್ಕೆ ಎಲ್ಲ ಶಾಂತವಾಗಿರುತ್ತದೆ, ಅದಕ್ಕೇ ಹುಳ ಕಾಣುತ್ತಿದ್ದವು. ಮೇಷ್ಟ್ರು ಇದನ್ನು ವಿವರಿಸಿ, ತಾವು ಓದಿದ ಪ್ರೋಟೀನಿನ ಬಗ್ಗೆ ಮರುಗಿದರು. “ನಿನ್ನಲ್ಲಿ ಅದು ಚೆನ್ನಾಗೇ ಐತೆ ಪಾಪ. ಹಿಡ್ಕೊಳ್ಳೋಕೆ ಕಿಣ್ವದ ಕೈಯೇ ಇಲ್ಲ ಅದಕ್ಕೆ.” ಕ್ಯಾಂಪಿನ ಡಾಕ್ಟರನ್ನು ಅಪ್ಪ ಬೈಯಲು ಶುರು ಮಾಡಿದಾಗ, ಅವರಿಗೆ ಬೆಳಗಿನ ಜಾವದ ಮಾತು ನೀವೇ ಹೇಳಲಿಲ್ಲವಲ್ಲ ಎಂದು ನಿಲ್ಲಿಸಿದರು. ಮಾರನೆಯ ದಿನ ಅಪ್ಪ ಹಿತ್ತಲ ಬಾಗಿಲಿನಿಂದ ಹುಳದ ಮನೆಯ ತನಕ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದ, ಸಂಜೆ ನಾನು ಹಿಡಿದುಕೊಂಡು ಓಡಾಡಲಿ ಎಂದು.

ಮದುವೆಯ ಮಾತೂ ಬಿದ್ದುಹೋಯಿತು. ನಮ್ಮ ಅಪ್ಪ ಅವ್ವನಿಗೆ ಸೋದರಮಾವನೇ ಆಗಬೇಕು. ಇಂಥವು ಒಂದೇ ರಕ್ತದಲ್ಲಿ ಸುತ್ತಿ ಬರುತ್ತವೆ, ಇನ್ನೊಂದು ಸುತ್ತು ಬೇಡ ಗೌಡ್ರೇ ಎಂದು ಮೇಷ್ಟ್ರು ನೋಯಿಸದ ಹಾಗೆ ತಿಳಿಸಿದರು. ಇದರಿಂದ ನನಗಿಂತ ಹೆಚ್ಚು ನಿರಾಳವಾದದ್ದು ನನ್ನ ಮಾವನಿಗೆ, ಅವ್ವನ ಆ ತಮ್ಮನಿಗೆ. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಅವನ ಜೊತೆ ಕೆಲಸ ಮಾಡುವವಳೊಬ್ಬಳ ಮೇಲೆ ಆಗಲೇ ಅವನಿಗೆ ಮನಸ್ಸಾಗಿತ್ತು, ಬಾಯಿ ಬಿಡಲು ಹೆದರಿ ಕೂತಿದ್ದ. ಆಮೇಲೆ ನಾನೂ ಓದಿ ಮುಗಿಸಿ ಅದೇ ಹಾರೋಹಳ್ಳಿಯ ಔಷಧಿ ಫ್ಯಾಕ್ಟರಿಯೊಂದರ ಲ್ಯಾಬಿಗೆ ಸೇರಿದೆ. ಹಗಲಿನ ಶಿಫ್ಟು ಮಾತ್ರ.

ಪ್ರತಿ ವರ್ಷ ನನ್ನ ಹುಟ್ಟಿದ ದಿನ ಮೇಷ್ಟ್ರಿಗೆ ಫೋನು ಮಾಡುತ್ತಿದ್ದೆ. ಶುಭಾಶಯ ಗಿಭಾಶಯ ಏನೂ ಇಲ್ಲ. ಎತ್ತಿದವರೇ, “ಏನ್ ಕಾಣ್ತಾ ಐತೆ ಹೇಳಮ್ಮಾ” ಎನ್ನುವರು. ನನ್ನ ಎದುರಿಗೆ ಏನಿದೆಯೋ ಅದನ್ನು ಹೇಳಬೇಕು. ಬಸ್ಸಿನ ಬೋರ್ಡು, ಕ್ಯಾಂಟೀನಿನ ಇಡ್ಲಿ, ಮ್ಯಾನೇಜರ ಬೊಕ್ಕ ತಲೆ. ಕೇಳಿ ತೃಪ್ತಿಯಾಗಿ, ಸರಿ, ಇಡು ಎಂದು ಫೋನು ಕೆಳಗಿಡುವರು.

ಡಾಕ್ಟರು ಹೆದರಿಸಿದ್ದ ಆ ಮೂವತ್ತು ನನಗೆ ತುಂಬಿದ್ದು ಹೋದ ವರ್ಷ. ಅವತ್ತು ಫೋನು ಮಾಡಲಿಲ್ಲ, ರಾಮನಗರಕ್ಕೇ ಹೋದೆ. ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಹೊಟ್ಟೆಯ ಕಾಯಿಲೆ, ಎಲ್ಲ ಕಡೆ ಹರಡಿದೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದ್ದರು. ಒಳಗೆ ಹೋದರೆ ನಡುಮಧ್ಯಾಹ್ನದ ಬಿಸಿಲು ಮಂಚದ ಮೇಲೆಯೇ ಬಿದ್ದಿತ್ತು. ಕೆನ್ನೆಗಳು ಒಳಗೆ ಹೋಗಿದ್ದವು, ಕುತ್ತಿಗೆ ಕಡ್ಡಿಯಾಗಿತ್ತು. ಹತ್ತಿರ ಕೂತೆ. ದನಿ ಸಣ್ಣದಾಗಿದ್ದರೂ ಪ್ರಶ್ನೆ ಅದೇ.

“ಏನ್ ಕಾಣ್ತಾ ಐತೆ ಹೇಳಮ್ಮಾ.”

ಹೇಗೋ ನಕ್ಕು, “ನೀವು ಚೆನ್ನಾಗಿ ಕಾಣ್ತಾ ಇದೀರ ಸಾರ್. ಒಸಿ ಮೈಕೈ ತುಂಬ್ಕಂಡಿದೀರ” ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆಗೆ ತಿರುಗಿದರು.

“ಲೇ, ಇವಳನ್ನ ಮತ್ತೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು. ಕಣ್ಣು ಹೋಗ್ಬುಟ್ಟೈತೆ.”

ಮೂರೂ ಜನ ನಕ್ಕೆವು. ಅವರು ಕೆಮ್ಮು ಬರುವ ತನಕ ನಕ್ಕರು. ಆ ತಿಂಗಳು ಕಳೆಯುವುದರೊಳಗೆ ಹೋಗಿಬಿಟ್ಟರು. ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿದ್ದೆ, ಹಗಲು, ಎದುರಿಗಿದ್ದ ಬಾಟಲಿಗಳ ಮೇಲಿನ ಸಣ್ಣ ಅಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು.