ಕರ್ತನ ಬರೋಣಕ್ಕೆ ಕಾದ ಬೇಸಗೆ

ಮಹಾಯುದ್ಧದ ಆ ವರ್ಷಗಳಲ್ಲಿ ಜೆಪ್ಪಿನ ನಮ್ಮ ಓಣಿಗೆ ಎರಡು ವಾಸನೆಗಳಿದ್ದವು: ಹಂಚಿನ ಕಾರ್ಖಾನೆಯ ಹಸಿಮಣ್ಣಿನದು ಒಂದು, ಮೇ ತಿಂಗಳಲ್ಲಿ ಅಂಗಳದ ತುಂಬ ಒಣಗುವ ಹಲಸಿನ ಹಪ್ಪಳದ್ದು ಇನ್ನೊಂದು. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲ. ಮಳೆಗಾಲಕ್ಕೆಂದು ಹಪ್ಪಳ, ಉಪ್ಪುನೀರಿನ ಮಾವಿನಕಾಯಿ, ಒಣಮೀನು ಕೂಡಿಡದೆ ಗತಿಯಿರಲಿಲ್ಲ. ನಮ್ಮ ಅಜ್ಜಿ ಮಾರ್ಥ ಆ ವಿಷಯದಲ್ಲಿ ಬಹಳ ಬಿಗಿ. ಮೊದಲ ಮಳೆ ಬೀಳದೆ ಭರಣಿಯ ಬಾಯಿಯ ಬಟ್ಟೆ ಬಿಚ್ಚುತ್ತಿರಲಿಲ್ಲ.

ನನಗೆ ಒಂಬತ್ತು ತುಂಬಿದ ಬೇಸಗೆಯಲ್ಲಿ ಪರವೂರಿನ ಬೋಧಕರೊಬ್ಬರು ಬಂದು, ಮೈದಾನದಲ್ಲಿ ಚಪ್ಪರ ಹಾಕಿಸಿ ಮೂರು ಸಂಜೆ ಪ್ರಸಂಗ ಮಾಡಿದರು. ಯುದ್ಧವೂ ಬರವೂ ಕಡೇ ದಿನಗಳ ಗುರುತುಗಳೇ, ಜೂನ್ ತಿಂಗಳ ಮೊದಲ ಭಾನುವಾರ ತುತೂರಿ ಊದುತ್ತದೆ, ಕರ್ತನು ಬಂದು ನಂಬಿದವರನ್ನು ಪರಲೋಕಕ್ಕೆ ಕರೆದೊಯ್ಯುತ್ತಾನೆ ಎಂದರು. ಆ ದಿನ ಯಾರಿಗೂ ತಿಳಿಯದೆಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ಮರುದಿನವೇ ಹಪ್ಪಳ ತಟ್ಟುತ್ತಿದ್ದ ಅಮ್ಮನನ್ನು ತಡೆದು, ಮಳೆಗಾಲಕ್ಕೆ ನಾವೇ ಇರುವುದಿಲ್ಲ, ಇದೆಲ್ಲ ಯಾರಿಗೆ ಎಂದು ಕೇಳಿದರು. ಅಜ್ಜ ಮಾತ್ರ ಮಳೆಗಾಲಕ್ಕೆಂದು ಸೌದೆ ಒಡೆಯುತ್ತಲೇ ಇದ್ದರು.

ನನಗೂ ತಂಗಿ ಶಾಂತಳಿಗೂ ಸ್ವರ್ಗ ಅಂದೇ ಶುರುವಾಯಿತು. ಭರಣಿಗಳು ಒಂದೊಂದಾಗಿ ತೆರೆದವು. ದಿನವೂ ಹಪ್ಪಳ, ದಿನವೂ ಗಂಜಿಯೊಡನೆ ಹುರಿದ ಒಣಮೀನು. ಉಳಿದದ್ದನ್ನು ಅಜ್ಜಿ ಓಣಿಯವರಿಗೆಲ್ಲ ಹಂಚಿದರು. ಲೋಕ ಮುಗಿಯುವುದು ಇಷ್ಟು ರುಚಿಯಾಗಿರುತ್ತದೆಂದು ನಾವು ಎಣಿಸಿರಲಿಲ್ಲ.

ಆದರೆ ಭಾನುವಾರ ಹತ್ತಿರವಾದಂತೆ ಅಜ್ಜಿ ಮಂಕಾದರು. ಪಡೀಲಿನಲ್ಲಿದ್ದ ಸ್ವಂತ ತಂಗಿ ದೀನಮ್ಮನೊಡನೆ ಅವರು ಮಾತು ಬಿಟ್ಟು ಎಂಟು ವರ್ಷವಾಗಿತ್ತು. ದೀನಮ್ಮನ ಮಗಳ ಮದುವೆಯಲ್ಲಿ, ಗಂಡಿನ ಕಡೆಯವರ ಎದುರೇ, ಕೋಳಿಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅಜ್ಜಿ ಹೇಳಿದ್ದೇ ಕಾರಣ. ಶುಕ್ರವಾರ ಬೆಳಿಗ್ಗೆ ಅಜ್ಜಿ ಕೊನೆಯ ಭರಣಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನನ್ನು ಕರೆದುಕೊಂಡು ಹೊರಟರು. ಬಿಸಿಲಲ್ಲಿ ಅಷ್ಟು ದೂರ ನಡೆದರೂ ಭರಣಿಯನ್ನು ಒಮ್ಮೆಯೂ ಕೆಳಗಿಡಲಿಲ್ಲ.

ದೀನಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಬನ್ನಿ ಎನ್ನಲಿಲ್ಲ.

ಅಜ್ಜಿ ಅಂಗಳದಲ್ಲೇ ನಿಂತು, "ದೀನಾ, ಆ ದಿನ ನಿನ್ನ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು" ಎಂದರು.

ದೀನಮ್ಮ ಜಗಲಿಯಿಂದ ಅಂಗಳಕ್ಕೆ ಇಳಿದು ಬಂದರು. "ಎಂತ ಸರಿ ಅಕ್ಕ? ಜಾಸ್ತಿಯೇ ಇತ್ತು. ಗಡಿಬಿಡಿಯಲ್ಲಿ ನಾನೇ ಎರಡು ಸಲ ಹಾಕಿದ್ದು."

ಇಬ್ಬರೂ ನಕ್ಕರು, ಆಮೇಲೆ ಅತ್ತರು. ಸಂಜೆ ಹೊರಡುವವರೆಗೂ ಅವರ ಮಾತು ಮುಗಿಯಲಿಲ್ಲ. ನನಗೆ ಹಸಿವಾದದ್ದು ಇಬ್ಬರಿಗೂ ನೆನಪಾದದ್ದು ಬಹಳ ತಡವಾಗಿ.

ಭಾನುವಾರ ಬಿಳಿ ಬಟ್ಟೆ ಉಟ್ಟು ಎಲ್ಲರೂ ಜಗಲಿಯಲ್ಲಿ ಕುಳಿತೆವು. ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ ಆಕಾಶ ಕಪ್ಪಾಯಿತು, ದೊಡ್ಡದೊಂದು ಗುಡುಗು ಕೇಳಿತು. ಶಾಂತ ಎದ್ದು ನಿಂತು, "ಬಂದ್ರು ಅಜ್ಜಿ" ಎಂದಳು.

ಬಂದದ್ದು ಮಳೆ. ಅಜ್ಜಿಯ ಮುಖ ಒಮ್ಮೆ ಬಾಡಿತು. ಅಷ್ಟರಲ್ಲಿ ಅಜ್ಜ ಎದ್ದು, ಮೊದಲು ಸೌದೆ ಒಳಗೆ ಹಾಕುವ ಎಂದರು. ಬಿಳಿ ಬಟ್ಟೆಯಲ್ಲೇ ಎಲ್ಲರೂ ಸೌದೆ ಹೊತ್ತೆವು. ಸೀರೆಯೆಲ್ಲ ಕೆಸರಾದಾಗ ಅಜ್ಜಿಗೆ ನಗು ಬಂತು, ಆ ನಗು ನಮಗೂ ಹತ್ತಿಕೊಂಡಿತು.

ಆ ಮಳೆಗಾಲ ನಮ್ಮನ್ನು ಸಾಕಿದ್ದು ದೀನಮ್ಮ. ವಾರಕ್ಕೊಮ್ಮೆ ತಾಳೆಗರಿಯ ಕೊಡೆ ಹಿಡಿದು ಹಪ್ಪಳದ ಕಟ್ಟಿನೊಂದಿಗೆ ಬರುತ್ತಿದ್ದರು. ಕರ್ತನು ಇನ್ನು ಬರುವುದೇ ಇಲ್ಲವೇ ಎಂದು ನಾನು ಅಜ್ಜಿಯನ್ನು ಕೇಳಿದೆ.

"ಬರ್ತಾರೆ ಮಗಾ. ದಿನ ಮಾತ್ರ ನಮಗೆ ಗೊತ್ತಿಲ್ಲ. ಹಾಗಾಗಿ ದಿನಾ ತಯಾರಿರಬೇಕು."

ತಯಾರಿ ಎಂದರೆ ಏನೆಂದು ನಮಗೆ ಬೇಗ ತಿಳಿಯಿತು. ನಾನೂ ಶಾಂತಳೂ ಜಗಳವಾಡಿದ್ದರೆ, ರಾಜಿಯಾಗದೆ ಸಂಜೆಯ ಪ್ರಾರ್ಥನೆಗೆ ಅಜ್ಜಿ ಕೂರಗೊಡುತ್ತಿರಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಭರಣಿಗಳನ್ನೂ ತುಂಬಿಸಿದರು.

ಈಗಲೂ ನಮ್ಮ ಸಭೆಯಲ್ಲಿ ಅಂತ್ಯಕಾಲದ ಮಾತು ಕಡಿಮೆಯಾಗಿಲ್ಲ. ಯಾವ ಯುದ್ಧ ಯಾವ ವಚನಕ್ಕೆ ಹೊಂದುತ್ತದೆ, ಯಾರು ಹೋಗುತ್ತಾರೆ, ಯಾರು ಉಳಿದುಬಿಡುತ್ತಾರೆ ಎಂಬ ಲೆಕ್ಕವೇ ಹೆಚ್ಚು. ಕೇಳಿದವರು ಹೆದರಿಕೊಂಡು ಮನೆಗೆ ಹೋಗುತ್ತಾರೆ. ನನಗೆ ಹೆದರಿಕೆಯಿಲ್ಲ, ನಂಬಿಕೆಯೂ ಹೋಗಿಲ್ಲ. ಕಾಯುವುದು ಮಾತ್ರ ಮರೆತುಹೋಗಿದೆ. ಆ ಬೇಸಗೆಯಲ್ಲಿ ನಾನೂ ಶಾಂತಳೂ ಎದ್ದ ಕೂಡಲೇ ಅಂಗಳಕ್ಕೆ ಓಡಿ ಆಕಾಶ ನೋಡುತ್ತಿದ್ದೆವು, ನಮಗೆ ತುಂಬ ಬೇಕಾದವರು ಯಾರೋ ನಮ್ಮಲ್ಲಿಗೆ ಬರಲು ಹೊರಟುಬಿಟ್ಟಿದ್ದಾರೆ ಎಂಬಂತೆ. ಹಾಗೆ ತಲೆಯೆತ್ತಿ ನೋಡಿ ಎಷ್ಟು ವರ್ಷವಾಯಿತೋ.